ಇಳಿದಾರಿಯ ನಕ್ಷೆ: ವಿಮಾನಯಾನದಲ್ಲಿ ಅಂಗೈ ಯಂತ್ರದ ಉಪಯೋಗ

ನೆಲದ ಮೇಲೆ ದಾರಿ ತಪ್ಪಿದವನಿಗೆ ಒಂದು ಸೌಕರ್ಯವುಂಟು. ಅವನು ನಿಲ್ಲಬಹುದು. ತಿಕೋಟಾದಿಂದ ಬಬಲೇಶ್ವರಕ್ಕೆ ಹೊರಟವನು ಎರೆಹೊಲದ ನಡುವಣ ಕಾಲುದಾರಿಯಲ್ಲಿ ದಿಕ್ಕುಗೆಟ್ಟರೆ, ದ್ರಾಕ್ಷಿಯ ತೋಟದಲ್ಲಿ ಕೆಲಸ ಮಾಡುವವರನ್ನು ಕರೆದು, “ಯಣ್ಣಾ, ಈ ದಾರಿ ಎಲ್ಲಿಗೆ ಹೊಕ್ಕೈತಿ?” ಎಂದು ಕೇಳಿ, ತಿದ್ದಿಕೊಂಡು ಮುಂದೆ ಸಾಗುವನು. ವಿಮಾನ ಚಾಲಕನಿಗೆ ಈ ಸೌಕರ್ಯವಿಲ್ಲ. ಆತನ ವಾಹನವು ನಿಂತರೆ ಬೀಳುವುದು. ಆತನು ಗಳಿಗೆಗೆ ಗಳಿಗೆಗೆ ಮುಂದೆ ಹೋಗುತ್ತಲೇ ತಾನೆಲ್ಲಿರುವೆನೆಂಬುದನ್ನೂ, ಎಷ್ಟು ಎತ್ತರದಲ್ಲಿರುವೆನೆಂಬುದನ್ನೂ, ಇನ್ನೆಷ್ಟು ಕೆಳಗಿಳಿದರೆ ಅಪಾಯವೆಂಬುದನ್ನೂ ತಿಳಿದಿರಬೇಕು. ಹಗಲು ತಿಳಿಯಾಗಿದ್ದರೆ ಕಣ್ಣೇ ಸಾಕು. ಮೋಡ ಕವಿದಾಗ, ಮಳೆ ಸುರಿವಾಗ, ಕತ್ತಲಲ್ಲಿ, ಕಣ್ಣಿನ ಕೆಲಸವನ್ನು ಕಾಗದವೂ ಯಂತ್ರವೂ ಮಾಡಬೇಕಾಗುವುದು. ಆ ಕಾಗದಕ್ಕೆ ಅಪ್ರೋಚ್ ಚಾರ್ಟ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ‘ಇಳಿದಾರಿಯ ನಕ್ಷೆ’ ಎಂದು ಕರೆಯೋಣ.

ಈ ನಕ್ಷೆಗಳು ಈಗ ಕಾಗದವನ್ನು ಬಿಟ್ಟು, ಕೈಯಲ್ಲಿ ಹಿಡಿಯಬಹುದಾದ ಜಿ.ಪಿ.ಎಸ್. ಯಂತ್ರಗಳ ಪರದೆಯ ಮೇಲೆ ಬಂದಿವೆ. ಅವನ್ನು ಬಳಸುವುದು ಹೇಗೆ, ನಂಬುವುದು ಎಷ್ಟರ ಮಟ್ಟಿಗೆ, ನಂಬಬಾರದ ಕಡೆ ಯಾವುದು ಎಂಬುದೇ ಇಲ್ಲಿಯ ವಿಷಯ.

ಕಲಾ ವಿಭಾಗದ ನಮಗೇಕೆ ಈ ವಿಚಾರವೆಂದು ಕೆಲವರು ಕೇಳಬಹುದು. ಉತ್ತರ ಎರಡು ಬಗೆಯದು. ನಕ್ಷೆಯನ್ನು ಓದುವ ವಿದ್ಯೆ ಭೂಗೋಳ ಶಾಸ್ತ್ರದ ಮೊದಲ ಪಾಠ. ಆದುದರಿಂದ ಇದು ನಮ್ಮ ಮನೆಯದೇ ವಿಷಯ. ಎರಡನೆಯದಾಗಿ, ವಿಜಯಪುರದ ಹತ್ತಿರ ಬುರಣಾಪುರ–ಮದಭಾವಿಯ ನೆಲದಲ್ಲಿ ವಿಮಾನ ನಿಲ್ದಾಣಕ್ಕೆ 2021ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದಿತು. ಮೊದಲು ಎ.ಟಿ.ಆರ್. 72 ಜಾತಿಯ ಸಣ್ಣ ವಿಮಾನಗಳಿಗೆಂದು ಹಾಕಿದ ಯೋಜನೆಯನ್ನು ಆಮೇಲೆ ಏರ್‌ಬಸ್ 320ಕ್ಕೆ ತಕ್ಕಂತೆ ಹಿಗ್ಗಿಸಲಾಯಿತು. ಅಡಿಗಲ್ಲಿನ ಸಮಾರಂಭದ ಸುದ್ದಿಯನ್ನು ನಾವೆಲ್ಲರೂ ಓದಿದೆವು. ಆದರೆ ಯಾವ ನಿಲ್ದಾಣವೂ ಬರಿಯ ಡಾಂಬರು ಕಟ್ಟಡಗಳಿಂದ ನಿಲ್ದಾಣವಾಗುವುದಿಲ್ಲ. ಅದಕ್ಕೊಂದು ಇಳಿದಾರಿ ಬೇಕು. ಇಳಿದಾರಿಗೊಂದು ನಕ್ಷೆ ಬೇಕು.

ನಕ್ಷೆ ಹುಟ್ಟಿದ ಬಗೆ

1930ರ ಸುಮಾರಿಗೆ ಅಮೆರಿಕದಲ್ಲಿ ಅಂಚೆಯ ಚೀಲಗಳನ್ನು ಹೊತ್ತು ಹಾರುತ್ತಿದ್ದ ಚಾಲಕರಲ್ಲಿ ಎಲ್ರೇ ಜೆಪ್ಪೆಸನ್ ಎಂಬವನೊಬ್ಬನು. ಆಗ ಆಕಾಶಕ್ಕೆಂದು ಪ್ರತ್ಯೇಕ ನಕ್ಷೆಗಳಿರಲಿಲ್ಲ. ಚಾಲಕರು ರಸ್ತೆಯ ನಕ್ಷೆಗಳನ್ನು ತೊಡೆಯ ಮೇಲಿಟ್ಟುಕೊಂಡು, ರೈಲು ಹಳಿಗಳ ಗುರುತು ಹಿಡಿದು ಹಾರುತ್ತಿದ್ದರು. ಜೊತೆಗಾರರು ಸಾಯುವುದನ್ನು ಕಂಡ ಈತನು ಹತ್ತು ಸೆಂಟಿನ ನೋಟುಬುಕ್ಕೊಂದನ್ನು ಕೊಂಡು, ತಾನು ಇಳಿಯುತ್ತಿದ್ದ ಬಯಲುಗಳ ಉದ್ದ, ಇಳಿಜಾರು, ಸುತ್ತಣ ಮರಗಳು, ನೀರಿನ ತೊಟ್ಟಿಗಳು, ಎಲ್ಲವನ್ನೂ ಬರೆದಿಡತೊಡಗಿದನು. ಅಲ್ಟಿಮೀಟರನ್ನು, ಎಂದರೆ ಎತ್ತರ ಅಳೆಯುವ ಯಂತ್ರವನ್ನು, ಕೈಯಲ್ಲಿ ಹಿಡಿದು ಗುಡ್ಡಗಳನ್ನೂ ಚಿಮಣಿಗಳನ್ನೂ ಸ್ವತಃ ಹತ್ತಿ ಅವುಗಳ ಎತ್ತರವನ್ನು ಗುರುತಿಸಿದನು. ನಾವು ಉಪಲಿ ಬುರುಜನ್ನು ಹತ್ತಿ ಊರನ್ನು ನೋಡುವುದು ವಿನೋದಕ್ಕಾಗಿ; ಆತನು ಹತ್ತಿದುದು ಪ್ರಾಣರಕ್ಷಣೆಗಾಗಿ. ಆ ಟಿಪ್ಪಣಿಗಳನ್ನು ಇತರ ಚಾಲಕರು ಕೇಳತೊಡಗಿದಾಗ 1934ರಲ್ಲಿ ಹತ್ತು ಡಾಲರಿಗೊಂದರಂತೆ ಮಾರತೊಡಗಿದನು. ಇಂದು ಲೋಕದ ಬಹುಪಾಲು ವಿಮಾನಗಳಲ್ಲಿ ಬಳಸುವ ನಕ್ಷೆಗಳ ವಂಶವೃಕ್ಷವು ಆ ನೋಟುಬುಕ್ಕಿನಲ್ಲಿ ಬೇರೂರಿದೆ.

ನಮ್ಮ ದೇಶದಲ್ಲಿ ಇಂತಹ ನಕ್ಷೆಗಳನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಪ್ರಕಟಿಸುವುದು. ಪ್ರತಿ ನಿಲ್ದಾಣಕ್ಕೂ ನಾಲ್ಕಕ್ಷರದ ಸಂಕೇತವುಂಟು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವು ವಿ.ಓ.ಬಿ.ಎಲ್.; ಮಂಗಳೂರು ವಿ.ಓ.ಎಂ.ಎಲ್. ಒಂದು ನಿಲ್ದಾಣಕ್ಕೆ ಒಂದೇ ನಕ್ಷೆಯಲ್ಲ. ರನ್‌ವೇಯ ಎರಡು ತುದಿಗಳಿಗೂ, ಬಳಸುವ ಒಂದೊಂದು ಬಗೆಯ ಸಾಧನಕ್ಕೂ ಬೇರೆ ಬೇರೆ ಹಾಳೆಗಳಿರುವುವು.

ಒಂದು ಹಾಳೆಯಲ್ಲಿ ಏನಿದೆ?

ಇಳಿದಾರಿಯ ನಕ್ಷೆಯನ್ನು ಐದು ಭಾಗಗಳಾಗಿ ನೋಡಬೇಕು.

ಮೊದಲನೆಯದು ತಲೆಪಟ್ಟಿ. ನಿಲ್ದಾಣದ ಹೆಸರು, ರನ್‌ವೇಯ ಸಂಖ್ಯೆ, ಮಾತಾಡಬೇಕಾದ ರೇಡಿಯೋ ತರಂಗ, ನೆಲದ ಎತ್ತರ, ಹಾಳೆಯ ತಾರೀಖು, ಎಲ್ಲವೂ ಇಲ್ಲಿವೆ. ರನ್‌ವೇಯ ಸಂಖ್ಯೆ ಮನಸ್ಸಿಗೆ ಬಂದಂತೆ ಕೊಟ್ಟುದಲ್ಲ. ದಿಕ್ಸೂಚಿಯ ಅಂಶಗಳನ್ನು ಹತ್ತರಿಂದ ಭಾಗಿಸಿ ಕೊಟ್ಟುದು. ಮೂಡಣಕ್ಕೆ, ಅಂದರೆ 90 ಅಂಶಕ್ಕೆ, ಮುಖ ಮಾಡಿದ ತುದಿ 09. ಅದೇ ಡಾಂಬರಿನ ಪಡುವಣ ಮುಖ 27.

ಎರಡನೆಯದು ಮೇಲುನೋಟ. ಹದ್ದು ಮೇಲಿನಿಂದ ನೋಡಿದರೆ ಕಾಣುವ ಚಿತ್ರ. ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಯಾವ ದಿಕ್ಕಿನಲ್ಲಿ ಬರಬೇಕು, ಆ ತುಂಡು ದಾರಿಯಲ್ಲಿ ಎಷ್ಟು ಎತ್ತರಕ್ಕಿಂತ ಕೆಳಗಿಳಿಯಬಾರದು, ಸುತ್ತಮುತ್ತ ಗುಡ್ಡ, ಗೋಪುರ, ಚಿಮಣಿಗಳೆಲ್ಲಿ ಎಂಬುದನ್ನು ಇದು ಹೇಳುವುದು. ನಮ್ಮ ಜಿಲ್ಲೆಯನ್ನು ಇಂತಹ ಕಣ್ಣಿನಿಂದ ನೋಡಿದರೆ ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳೂ, ಗಾಳಿಯಂತ್ರಗಳೂ ಬೇರೆಯೇ ಅರ್ಥವನ್ನು ಪಡೆಯುವುವು. ನಮಗೆ ಹೆಮ್ಮೆಯಾದ ಗೋಳಗುಮ್ಮಟವು ಚಾಲಕನಿಗೆ ನೆಲದಿಂದ ಸುಮಾರು 51 ಮೀಟರು ಎತ್ತರದ ಒಂದು ಅಡ್ಡಿ.

ಮೂರನೆಯದು ಪಕ್ಕದ ನೋಟ. ಅದೇ ದಾರಿಯನ್ನು ಪಕ್ಕದಲ್ಲಿ ನಿಂತು ನೋಡಿದಂತೆ, ಮೆಟ್ಟಿಲು ಮೆಟ್ಟಿಲಾಗಿಯೋ ಓರೆಗೆರೆಯಾಗಿಯೋ ಇಳಿಯುವ ಚಿತ್ರ.

ನಾಲ್ಕನೆಯದು ಕನಿಷ್ಠ ಎತ್ತರದ ಕೋಷ್ಟಕ. ಈ ಅಂಕೆಯೇ ಹಾಳೆಯ ಜೀವಾಳ. ಇಷ್ಟು ಎತ್ತರಕ್ಕೆ ಇಳಿದ ಮೇಲೂ ರನ್‌ವೇ ಇಲ್ಲವೇ ಅದರ ದೀಪಗಳು ಕಣ್ಣಿಗೆ ಬೀಳದಿದ್ದರೆ, ಒಂದಡಿಯೂ ಕೆಳಗಿಳಿಯಕೂಡದು.

ಐದನೆಯದು ಮರಳುವ ದಾರಿ. ಕಾಣದಿದ್ದರೆ ಹೇಗೆ ಮೇಲೇರಬೇಕು, ಯಾವ ಕಡೆ ತಿರುಗಬೇಕು, ಎಲ್ಲಿ ಹೋಗಿ ಕಾಯಬೇಕು ಎಂಬ ಸೂಚನೆ. ಇಳಿಯುವುದಕ್ಕೆಂದೇ ಮಾಡಿದ ಪ್ರತಿ ನಕ್ಷೆಯಲ್ಲಿಯೂ ಇಳಿಯದಿರುವ ದಾರಿಯನ್ನು ತಪ್ಪದೆ ಅಚ್ಚು ಮಾಡಿರುವರು. ಇದನ್ನು ವಾಚಕರು ಚೆನ್ನಾಗಿ ನೆನಪಿಡಬೇಕು; ಮುಂದೆ ಇದರ ಪ್ರಸಂಗ ಮತ್ತೆ ಬರುವುದು.

ಒಂದು ಸಣ್ಣ ಲೆಕ್ಕ

ಅಭ್ಯಾಸಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದು ಬರಿಯ ಕಲ್ಪನೆಯ ನಕ್ಷೆ, ಹಾರಾಟಕ್ಕಲ್ಲ. ವಿಜಯಪುರದ ಬಳಿ ಒಂದು ರನ್‌ವೇಯು ಸಮುದ್ರಮಟ್ಟದಿಂದ 2,000 ಅಡಿ ಎತ್ತರದಲ್ಲಿದೆಯೆಂದೂ, ವಿಮಾನವು ಪಡುವಣದಿಂದ, ತಿಕೋಟಾದ ಕಡೆಯಿಂದ, ಬರುತ್ತಿದೆಯೆಂದೂ ಭಾವಿಸಿರಿ. ವಿಮಾನಯಾನದಲ್ಲಿ ದೂರವನ್ನು ನಾಟಿಕಲ್ ಮೈಲುಗಳಲ್ಲಿ ಅಳೆಯುವರು. ಒಂದು ನಾಟಿಕಲ್ ಮೈಲು 1.852 ಕಿಲೋಮೀಟರು. ಸಾಮಾನ್ಯವಾಗಿ ಇಳಿಯುವ ಓರೆ ಮೂರು ಅಂಶದ್ದು. ಆ ಓರೆಯಲ್ಲಿ ಒಂದು ಮೈಲಿಗೆ ನಿಖರವಾಗಿ ಸುಮಾರು 318 ಅಡಿ ಇಳಿಯುವುದಾದರೂ, ಬಾಯಿಲೆಕ್ಕಕ್ಕೆ 300 ಎಂದು ಹಿಡಿದರೆ ಸಾಕು.

ಹಾಗಾದರೆ ರನ್‌ವೇಯಿಂದ 10 ಮೈಲಿನಾಚೆ, ಎಂದರೆ ಸರಿಸುಮಾರು ತಿಕೋಟಾದ ಮೇಲೆ, ವಿಮಾನವು ನೆಲದಿಂದ 3,000 ಅಡಿ ಮೇಲಿರಬೇಕು, ಸಮುದ್ರಮಟ್ಟದಿಂದ 5,000. ಐದು ಮೈಲಿನಲ್ಲಿ 3,500. ಮೂರು ಮೈಲಿನಲ್ಲಿ 2,900. ವೇಗವು ಗಂಟೆಗೆ 120 ಮೈಲಾದರೆ ನಿಮಿಷಕ್ಕೆ ಎರಡು ಮೈಲು ಸಾಗುವುದು. ಆದುದರಿಂದ ನಿಮಿಷಕ್ಕೆ 600 ಅಡಿಯಂತೆ ಇಳಿಯಬೇಕು. ಈ ನಾಲ್ಕು ಅಂಕೆಗಳು ಮನಸ್ಸಿನಲ್ಲಿದ್ದರೆ, ಯಂತ್ರವು ಏನನ್ನೇ ತೋರಿಸಲಿ, ಚಾಲಕನು ಅದನ್ನು ಪರೀಕ್ಷಿಸಬಲ್ಲನು. ಐದು ಮೈಲಿನಲ್ಲಿ ಅಲ್ಟಿಮೀಟರು 4,500 ತೋರಿಸಿದರೆ ತಾನು ಸಾವಿರ ಅಡಿ ಮೇಲಿದ್ದೇನೆ. 2,700 ತೋರಿಸಿದರೆ 800 ಅಡಿ ಕೆಳಗಿದ್ದೇನೆ. ಮೊದಲನೆಯದರಲ್ಲಿ ರನ್‌ವೇಯ ತುದಿ ದಾಟಿ ಹೋಗುವ ಭಯ. ಎರಡನೆಯದರಲ್ಲಿ ರನ್‌ವೇ ಮುಟ್ಟುವ ಮುನ್ನವೇ ನೆಲ ಮುಟ್ಟುವ ಭಯ.

ಕರ್ನಾಟಕದ ನೆಲದಲ್ಲಿ ಈ ಎರಡು ಭಯಗಳೂ ನಿಜವಾದುದನ್ನು ನಾವು ಕಂಡಿದ್ದೇವೆ.

ಎರಡು ದುರಂತಗಳು

1990ನೆಯ ಇಸವಿ ಫೆಬ್ರವರಿ 14ರಂದು ಮುಂಬಯಿಯಿಂದ ಬೆಂಗಳೂರಿಗೆ ಬಂದ ಇಂಡಿಯನ್ ಏರ್‌ಲೈನ್ಸಿನ 605ನೆಯ ವಿಮಾನವು ಎಚ್.ಎ.ಎಲ್. ನಿಲ್ದಾಣದ ರನ್‌ವೇಗಿಂತ ಮೊದಲೇ ಗಾಲ್ಫ್ ಮೈದಾನದ ಬಳಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 146 ಜನರಲ್ಲಿ 92 ಜನ ತೀರಿಕೊಂಡರು. ಹಗಲು ತಿಳಿಯಾಗಿದ್ದಿತು, ರನ್‌ವೇ ಕಣ್ಣಿಗೆ ಕಾಣುತ್ತಿದ್ದಿತು. ವಿಮಾನವು ಏರ್‌ಬಸ್ 320, ಆಗ ಹೊಚ್ಚ ಹೊಸದು. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ವಿಚಾರಣೆ ನಡೆಸಿದರು. ನಿಮಿಷಕ್ಕೆ 700 ಅಡಿ ಇಳಿಯುವ ವೇಗವನ್ನು ನಿಗದಿ ಮಾಡಬೇಕಾದಲ್ಲಿ ಬೇರೊಂದು ಗುಂಡಿಯನ್ನು ತಿರುಗಿಸಿ 700 ಅಡಿಯ ಎತ್ತರವನ್ನು ನಿಗದಿ ಮಾಡಿರುವ ಸಂಭವವಿದೆಯೆಂದು ತಿಳಿದುಬಂದಿತು. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ 2,900 ಅಡಿಗೂ ಮೇಲಿದೆಯಷ್ಟೆ. 700 ಅಡಿಗಿಳಿಸು ಎಂದರೆ ಭೂಮಿಯೊಳಕ್ಕೆ ಇಳಿಸು ಎಂದಂತೆ. ಯಂತ್ರಕ್ಕೆ ಇದು ಅಸಂಬದ್ಧವೆಂದು ತೋರಲಿಲ್ಲ. ಇಂಜಿನುಗಳ ಶಕ್ತಿಯನ್ನು ತಗ್ಗಿಸಿ ಅದು ಆಜ್ಞೆಯನ್ನು ಪಾಲಿಸಿತು. ವೇಗವೂ ಎತ್ತರವೂ ಕುಂದುತ್ತಿದ್ದುದನ್ನು ಚಾಲಕರಿಬ್ಬರೂ ಗಮನಿಸುವಷ್ಟರಲ್ಲಿ ಹೊತ್ತು ಮೀರಿದ್ದಿತು.

2010ನೆಯ ಇಸವಿ ಮೇ 22ರ ಬೆಳಗಿನಲ್ಲಿ ದುಬಾಯಿಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರ ಕಥೆ ಇದಕ್ಕೆ ವಿರುದ್ಧವಾದುದು. ಬಜಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಅದರ ಉದ್ದ 2,450 ಮೀಟರು, ಎಂದರೆ ಸುಮಾರು 8,000 ಅಡಿ. ಅಂದು ರೇಡಾರು ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ವಿಮಾನಕ್ಕೆ ಇಳಿಯುವ ಅಪ್ಪಣೆ ಎಂದಿನಷ್ಟು ಬೇಗ ದೊರೆಯಲಿಲ್ಲ. ಕೊನೆಯ ಹಂತದಲ್ಲಿ ವಿಮಾನವು ಇರಬೇಕಾದುದಕ್ಕಿಂತ ಬಹಳ ಮೇಲಿದ್ದಿತು. ಮೇಲಿದ್ದುದನ್ನು ಸರಿಪಡಿಸಲು ಮುಖ್ಯ ಚಾಲಕನು ಕಡಿದಾಗಿ ಇಳಿಸಿದನು. ಜೊತೆಯ ಚಾಲಕನು ಮರಳಿ ಮೇಲೇರೋಣವೆಂದು ಮತ್ತೆ ಮತ್ತೆ ಹೇಳಿದನು. ಇಳಿಯುವ ವೇಗ ಹೆಚ್ಚಾಗಿದೆಯೆಂದು ಯಂತ್ರವೂ ಕೂಗಿತು. ರನ್‌ವೇಯ ಅಂಚಿನಿಂದ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರಗಳು ನೆಲಕ್ಕೆ ತಗುಲಿದುವು. ಉಳಿದ ದಾರಿ ಸಾಲದೆ ವಿಮಾನ ಕಣಿವೆಗೆ ಉರುಳಿತು. 158 ಜನ ಮಡಿದರು. ಎಂಟು ಜನ ಮಾತ್ರ ಬದುಕಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಎರಡು ವಿಮಾನಗಳಲ್ಲಿಯೂ ತಾವೆಲ್ಲಿದ್ದೇವೆ ಎಂಬುದು ಗೊತ್ತಿದ್ದಿತು. ನಕ್ಷೆಯ ಮೇಲೆ ವಿಮಾನದ ಗುರುತು ಬಿದ್ದ ಮಾತ್ರಕ್ಕೆ ಇವು ತಪ್ಪುತ್ತಿದ್ದುವೆಂದು ಹೇಳಲಾಗದು. ಕೊರತೆಯಾದುದು, ಇರುವ ಎತ್ತರವನ್ನೂ ಇರಬೇಕಾದ ಎತ್ತರವನ್ನೂ ಹೋಲಿಸಿ, ಹೊಂದದಿದ್ದರೆ ಬಿಟ್ಟುಕೊಡುವ ನಿರ್ಧಾರ.

ಅಂಗೈ ಯಂತ್ರದ ಆಗಮನ

ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವುವು. ಪ್ರತಿಯೊಂದೂ ತನ್ನ ಗಡಿಯಾರದ ಹೊತ್ತನ್ನು ಸಾರುತ್ತಿರುವುದು. ಕೈಯಲ್ಲಿರುವ ಯಂತ್ರವು ಕನಿಷ್ಠ ನಾಲ್ಕು ಉಪಗ್ರಹಗಳ ಮಾತನ್ನು ಆಲಿಸಿ, ಆ ಮಾತು ತಲುಪಲು ಹಿಡಿದ ಕಾಲದಿಂದ ದೂರವನ್ನು ಕಂಡುಕೊಂಡು, ತನ್ನ ಸ್ಥಾನವನ್ನು ಗುಣಿಸುವುದು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ದನಿಯು ಆಚೆಯ ಗೋಡೆಯಿಂದ ಮರಳುವ ಹೊತ್ತನ್ನು ಅಳೆದು ಗುಮ್ಮಟದ ಅಗಲವನ್ನು ಅಂದಾಜು ಮಾಡುವಂತೆಯೇ ಇದು. ದನಿಯ ಬದಲು ರೇಡಿಯೋ ಅಲೆ, ಅಷ್ಟೆ. ಅಮೆರಿಕ ಸರಕಾರವು ನಾಗರಿಕರಿಗೆ ಬೇಕೆಂದೇ ಮಬ್ಬುಗೊಳಿಸಿ ಕೊಡುತ್ತಿದ್ದ ಸಂಕೇತವನ್ನು 2000ದ ಮೇ ತಿಂಗಳಲ್ಲಿ ತಿಳಿಗೊಳಿಸಿತು. ಆ ಮೇಲೆ ಇದರ ಉಪಯೋಗ ಬೆಳೆಯಿತು.

ಮೊದಮೊದಲು ಅಂಗೈ ಯಂತ್ರದಲ್ಲಿ ಚುಕ್ಕೆಯೂ ಗೆರೆಯೂ ಮಾತ್ರ ಇದ್ದುವು. 2008ರ ಕೊನೆಗೆ ಬಂದ ಗಾರ್ಮಿನ್ ಕಂಪನಿಯ 696 ಎಂಬ ಯಂತ್ರದ ದೊಡ್ಡ ಪರದೆಯಲ್ಲಿ ಅಮೆರಿಕದ ನಿಲ್ದಾಣಗಳ ಇಳಿದಾರಿಯ ಹಾಳೆಗಳನ್ನೇ ತೆರೆದು ನೋಡುವಂತಾಯಿತು. ಬಳಿಕ ಟ್ಯಾಬ್ಲೆಟ್ಟುಗಳು ಬಂದುವು. 2011ರ ಡಿಸೆಂಬರಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಹಾರಾಟದ ಎಲ್ಲ ಹಂತಗಳಲ್ಲಿಯೂ ಐಪ್ಯಾಡನ್ನು ಬಳಸಲು ಅನುಮತಿ ಪಡೆಯಿತು. ಚಾಲಕರು ಹೊರುತ್ತಿದ್ದ ಸುಮಾರು 16 ಕಿಲೋ ತೂಕದ ಪುಸ್ತಕದ ಪೆಟ್ಟಿಗೆ ಮಾಯವಾಯಿತು. ಕೆಲವು ಯಂತ್ರಗಳಲ್ಲಿ ಹಾಳೆಯ ಮೇಲೆಯೇ ವಿಮಾನದ ಸಣ್ಣ ಚಿತ್ರವು ತೆವಳುತ್ತ ಹೋಗುವುದನ್ನು ಕಾಣಬಹುದು.

ನಮ್ಮ ದೇಶದ ಸಾಧನೆಯೂ ಇಲ್ಲಿ ಸಣ್ಣದಲ್ಲ. ಉಪಗ್ರಹದ ಅಲೆಯು ವಾಯುಮಂಡಲದ ಮೇಲುಗಡೆಯ ಅಯಾನಗೋಳವನ್ನು ಹಾದುಬರುವಾಗ ತಡವಾಗುವುದು. ಭೂಕಾಂತದ ಸಮಭಾಜಕ ರೇಖೆಯು ನಮ್ಮ ಪರ್ಯಾಯದ್ವೀಪದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಈ ತೊಂದರೆ ನಮ್ಮಲ್ಲಿ ಮಿಗಿಲು. ಇದನ್ನು ತಿದ್ದಲು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ಕೂಡಿ ‘ಗಗನ್’ ಎಂಬ ವ್ಯವಸ್ಥೆಯನ್ನು ಕಟ್ಟಿದುವು. ದೇಶದಲ್ಲಿ ಹರಡಿರುವ 15 ನೆಲಠಾಣೆಗಳು ತಪ್ಪಿನ ಪ್ರಮಾಣವನ್ನು ಅಳೆಯುವುವು. ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರವು ತಿದ್ದುಪಡಿಯನ್ನು ಗುಣಿಸಿ ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಗಳಿಗೆ ತಲುಪಿಸುವುದು. 2015ರ ಏಪ್ರಿಲಿನಲ್ಲಿ ಇಳಿದಾರಿಯ ಮಾರ್ಗದರ್ಶನಕ್ಕೆ ಇದು ಮಾನ್ಯತೆ ಪಡೆಯಿತು. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಸಂಸ್ಥೆಯ ಎ.ಟಿ.ಆರ್. 72 ವಿಮಾನವು ಗಗನ್ ನೆರವಿನಿಂದ ಇಳಿಯಿತು. ನೆಲದ ಮೇಲೆ ದುಬಾರಿಯ ರೇಡಿಯೋ ಸಾಧನಗಳನ್ನು ನಿಲ್ಲಿಸಲಾರದ ಸಣ್ಣ ಊರುಗಳ ನಿಲ್ದಾಣಗಳಿಗೆ ಇದರಿಂದಾಗುವ ಲಾಭವನ್ನು ವಿಜಯಪುರದವರಾದ ನಾವು ಬೇರೆ ಹೇಳಿಸಿಕೊಳ್ಳಬೇಕಾಗಿಲ್ಲ.

ಬಳಸುವ ಕ್ರಮ

ಇನ್ನು ಬಳಕೆಯ ಕ್ರಮವನ್ನು ನೋಡೋಣ.

ಮೊದಲು ತಾರೀಖು. ಲೋಕದ ಎಲ್ಲೆಡೆ ಈ ನಕ್ಷೆಗಳು 28 ದಿನಗಳಿಗೊಮ್ಮೆ, ವರ್ಷಕ್ಕೆ 13 ಸಲ, ಪರಿಷ್ಕಾರಗೊಳ್ಳುವುವು. ಹೊಸ ಗೋಪುರ ಎದ್ದಿರಬಹುದು. ರೇಡಿಯೋ ತರಂಗ ಬದಲಾಗಿರಬಹುದು. ಕಾಗದದ ಹಾಳೆ ಹಳತಾದರೆ ಮಾಸಿ ತಾನೇ ಹೇಳುವುದು. ಪರದೆಯ ಮೇಲಿನ ಹಾಳೆ ಎಷ್ಟು ಹಳತಾದರೂ ಹೊಸತರಂತೆ ಹೊಳೆಯುತ್ತಲೇ ಇರುವುದು. ಆದುದರಿಂದ ಅವಧಿ ಮುಗಿದಿದೆಯೇ ಎಂಬುದನ್ನು ನೆಲದಲ್ಲಿರುವಾಗಲೇ ನೋಡಬೇಕು.

ಎರಡನೆಯದು ಹಾಳೆಯ ಆಯ್ಕೆ. ನಿಲ್ದಾಣ ಸರಿಯೇ, ರನ್‌ವೇಯ ತುದಿ ಸರಿಯೇ, ಬಳಸುವ ಸಾಧನ ಸರಿಯೇ ಎಂದು ಬಾಯಿಬಿಟ್ಟು ಓದಬೇಕು. ಇದರ ಮಹತ್ತ್ವವನ್ನು ತಿಳಿಯಲು 1995ರ ಡಿಸೆಂಬರ್ 20ರಂದು ಕೊಲಂಬಿಯಾ ದೇಶದ ಕಾಲಿ ಎಂಬಲ್ಲಿ ನಡೆದುದನ್ನು ನೆನೆಯಬೇಕು. ಚಾಲಕರ ಮುಂದಿನ ನಕ್ಷೆಯಲ್ಲಿ ರೋಸೋ ಎಂಬ ರೇಡಿಯೋ ಕಂಬಕ್ಕೆ ‘ಆರ್’ ಎಂಬ ಒಂದೇ ಅಕ್ಷರದ ಸಂಕೇತವಿದ್ದಿತು. ಅವರು ಯಂತ್ರದಲ್ಲಿ ‘ಆರ್’ ಎಂದು ಒತ್ತಿದರು. ಯಂತ್ರದ ಭಂಡಾರದಲ್ಲಿ ಆ ಅಕ್ಷರಕ್ಕೆ ಮೊದಲು ಸಿಕ್ಕಿದುದು ದೂರದ ಬೊಗೊಟಾದ ಬಳಿಯ ರೋಮಿಯೋ ಎಂಬ ಮತ್ತೊಂದು ಕಂಬ. ವಿಮಾನವು ಕತ್ತಲಲ್ಲಿ ಅತ್ತ ತಿರುಗಿ ಪರ್ವತಕ್ಕೆ ಬಡಿಯಿತು. 163 ಜನರಲ್ಲಿ ನಾಲ್ವರು ಉಳಿದರು. ನಕ್ಷೆಯೂ ಸುಳ್ಳಾಡಲಿಲ್ಲ, ಯಂತ್ರವೂ ಸುಳ್ಳಾಡಲಿಲ್ಲ. ಎರಡೂ ಒಂದನ್ನೇ ಹೇಳುತ್ತಿವೆಯೇ ಎಂದು ನೋಡುವ ಕೆಲಸ ಉಳಿದುಬಿಟ್ಟಿತು.

ಮೂರನೆಯದು ಇಡೀ ಹಾಳೆಯನ್ನು ಮೊದಲೇ ಓದುವುದು. ಚಿಕ್ಕ ಪರದೆಯಲ್ಲಿ ಅಕ್ಷರ ಕಾಣಬೇಕೆಂದು ಹಿಗ್ಗಿಸಿದರೆ ಒಂದು ಭಾಗ ಮಾತ್ರ ಕಣ್ಣ ಮುಂದಿರುವುದು; ಉಳಿದುದು ಅಂಚಿನಾಚೆ ಅಡಗುವುದು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಬಳಿ ಟಿ.ಡಬ್ಲ್ಯು.ಎ. 514 ವಿಮಾನದ ಚಾಲಕರು, ಹಾಳೆ ಕಾಗದದ್ದೇ ಆಗಿದ್ದರೂ, ಪಕ್ಕದ ನೋಟದಲ್ಲಿದ್ದ 1,800 ಅಡಿಯ ಅಂಕೆಗೆ ಇಳಿದರು. ಅವರು ಇನ್ನೂ ಇದ್ದ ದಾರಿಯಲ್ಲಿ 3,400 ಅಡಿಗಿಂತ ಕೆಳಗಿಳಿಯಕೂಡದೆಂಬ ಅಂಕೆ ಮೇಲುನೋಟದಲ್ಲಿದ್ದಿತು. ಇಳಿಯಲು ದೊರೆತ ಅಪ್ಪಣೆಯ ಅರ್ಥವನ್ನು ಅವರು ಒಂದು ಬಗೆಯಾಗಿಯೂ ನೆಲದ ನಿಯಂತ್ರಕರು ಇನ್ನೊಂದು ಬಗೆಯಾಗಿಯೂ ತಿಳಿದಿದ್ದರು. ವಿಮಾನದಲ್ಲಿದ್ದ 92 ಜನರೂ ಸತ್ತರು. ಇಡೀ ಹಾಳೆ ಕಣ್ಣ ಮುಂದಿದ್ದಾಗಲೇ ಹೀಗಾದರೆ, ಅರ್ಧ ಹಾಳೆ ಕಾಣುವ ಪರದೆಯ ಮುಂದೆ ಎಷ್ಟು ಎಚ್ಚರ ಬೇಕು!

ನಾಲ್ಕನೆಯದು ಎತ್ತರ. ಅಂಗೈ ಯಂತ್ರವು ಎತ್ತರವನ್ನು ಜ್ಯಾಮಿತಿಯಿಂದ ಅಳೆಯುವುದು. ವಿಮಾನದ ಅಲ್ಟಿಮೀಟರು ಗಾಳಿಯ ಒತ್ತಡದಿಂದ ಅಳೆಯುವುದು. ಇವೆರಡೂ ಒಂದಾಗಿರಬೇಕೆಂಬ ನಿಯಮವಿಲ್ಲ. ವಿಜಯಪುರದ ಬೇಸಗೆಯಲ್ಲಿ 40 ಅಂಶದ ಬಿಸಿಲಿರುವಾಗ ಗಾಳಿ ಹಿಗ್ಗಿರುವುದರಿಂದ, ನೆಲದಿಂದ 3,000 ಅಡಿಯೆಂದು ಅಲ್ಟಿಮೀಟರು ತೋರುವಲ್ಲಿ ನಿಜವಾದ ಎತ್ತರ ಸುಮಾರು 300 ಅಡಿ ಹೆಚ್ಚಿರುವುದು. ಸುತ್ತಲಿನ ವಿಮಾನಗಳೆಲ್ಲ ಒತ್ತಡದ ಎತ್ತರವನ್ನು ಹಿಡಿದು ಹಾರುವುವು. ನಕ್ಷೆಯ ಅಂಕೆಗಳನ್ನೂ ಅದರಿಂದಲೇ ಪಾಲಿಸಬೇಕು. ಒಬ್ಬನೇ ಅಂಗೈ ಯಂತ್ರದ ಎತ್ತರವನ್ನು ಹಿಡಿದರೆ ಸಾಲು ತಪ್ಪಿದಂತಾಗುವುದು. ಅಲ್ಟಿಮೀಟರಿಗೂ ಒಂದು ನೇಮವುಂಟು. ನಿಲ್ದಾಣದವರು ಹೇಳಿದ ಒತ್ತಡದ ಅಂಕೆಯನ್ನು ಅದರಲ್ಲಿ ಕೂಡಿಸಬೇಕು. ಹತ್ತು ಹೆಕ್ಟೋಪ್ಯಾಸ್ಕಲ್ ತಪ್ಪಿದರೆ ಸುಮಾರು 280 ಅಡಿಯ ತಪ್ಪಾಗುವುದು.

ಐದನೆಯದು ಮರಳುವ ದಾರಿ. ಇಳಿಯಲು ತೊಡಗುವ ಮುನ್ನವೇ ಅದನ್ನು ಕಂಠಪಾಠ ಮಾಡಬೇಕು. ನೆಲ ಹತ್ತಿರವಾಗಿ, ಏನೂ ಕಾಣದೆ, ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ಪರದೆಯನ್ನು ಬೆರಳಿನಿಂದ ಸರಿಸುತ್ತ ಹುಡುಕುವ ವಿಷಯ ಅದಲ್ಲ.

ನಂಬಿಕೆಯ ಮಿತಿ

ಅಂಗೈ ಯಂತ್ರವನ್ನು ಯಾವಾಗಲೂ ಎರಡನೆಯ ಸಾಕ್ಷಿಯನ್ನಾಗಿ ಇಟ್ಟುಕೊಳ್ಳಬೇಕು. ಮೊದಲ ಸಾಕ್ಷಿಯನ್ನಾಗಿ ಅಲ್ಲ. ಮೋಡದೊಳಗೆ ಇಳಿಯಲು ವಿಮಾನದ ಹಲಗೆಯಲ್ಲಿ ಭದ್ರವಾಗಿ ಕೂಡಿಸಿದ, ಮಾನ್ಯತೆ ಪಡೆದ ಉಪಕರಣವೇ ಬೇಕು. ಅಂತಹ ಉಪಕರಣವು ತನಗೆ ಬರುವ ಸಂಕೇತವು ನಂಬಲರ್ಹವೇ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಸಂದೇಹ ಬಂದರೆ ಚಾಲಕನನ್ನು ಎಚ್ಚರಿಸುವುದು. ಕೈಯಂತ್ರಕ್ಕೆ ಈ ಹೊಣೆಗಾರಿಕೆಯಿಲ್ಲ. ತೆವಳುವ ಪುಟ್ಟ ವಿಮಾನದ ಚಿತ್ರ ಗೆರೆಯ ಮೇಲೆ ಕುಳಿತಂತೆ ತೋರಿದರೂ, ಅದು ದಾರಿಯ ಮೇಲಿರುವುದಕ್ಕೆ ಸಾಕ್ಷಿಯೇ ಹೊರತು ಎತ್ತರಕ್ಕೆ ಸಾಕ್ಷಿಯಲ್ಲ.

ಯಂತ್ರಕ್ಕೂ ಆಯಾಸವುಂಟು. ಐಪ್ಯಾಡನ್ನು ಮಾಡುವವರು 35 ಅಂಶದವರೆಗಿನ ಶಾಖದಲ್ಲಿ ಬಳಸಿರೆನ್ನುವರು. ನಮ್ಮ ಏಪ್ರಿಲ್ ಮೇ ತಿಂಗಳುಗಳ ಬಿಸಿಲಿನಲ್ಲಿ ಗಾಜಿನ ಹಿಂದಿಟ್ಟ ಯಂತ್ರವು ಕಾದು ಕಣ್ಣು ಮುಚ್ಚಿದರೆ ಆಶ್ಚರ್ಯವಿಲ್ಲ. ಬ್ಯಾಟರಿ ತೀರಬಹುದು. ತಂತ್ರಾಂಶ ಕೆಡಬಹುದು. 2015ರ ಏಪ್ರಿಲ್ 28ರಂದು ವಾಷಿಂಗ್ಟನ್ನಿನ ಒಂದೇ ನಕ್ಷೆ ಎರಡು ಸಲ ಸೇರಿಹೋದ ಕಾರಣ ಅಮೆರಿಕನ್ ಏರ್‌ಲೈನ್ಸಿನ ಐಪ್ಯಾಡುಗಳ ತಂತ್ರಾಂಶ ಕುಸಿದು, ಹತ್ತಾರು ವಿಮಾನಗಳು ತಡವಾದುವು. ಅಲ್ಲದೆ, 2023ರಿಂದೀಚೆಗೆ ಪಶ್ಚಿಮ ಏಷ್ಯಾದ ಆಕಾಶದಲ್ಲಿ ಸುಳ್ಳು ಜಿ.ಪಿ.ಎಸ್. ಸಂಕೇತಗಳನ್ನು ಬಿತ್ತಿ ವಿಮಾನಗಳಿಗೆ ದಾರಿ ತಪ್ಪಿಸಿದ ಘಟನೆಗಳು ಅನೇಕ. ಆದುದರಿಂದ ಎರಡನೆಯ ಯಂತ್ರವೋ, ಒಂದಷ್ಟು ಕಾಗದವೋ, ನೆಲದ ರೇಡಿಯೋ ಸಾಧನವೋ ಜೊತೆಗಿರಲೇಬೇಕು.

ಇಷ್ಟರಿಂದ ಈ ಯಂತ್ರಗಳು ಬೇಡವೆಂದು ತಿಳಿಯಬಾರದು. ಸಣ್ಣ ವಿಮಾನದಲ್ಲಿ ಒಬ್ಬಂಟಿಗನಾಗಿ ಹಾರುವ ಚಾಲಕನಿಗೆ, ವಿದ್ಯುತ್ತು ನಿಂತು ಹಲಗೆಯ ಉಪಕರಣಗಳೆಲ್ಲ ಕಪ್ಪಾದ ಹೊತ್ತಿನಲ್ಲಿ, ಕಿಸೆಯೊಳಗಿನ ಯಂತ್ರವೇ ಪ್ರಾಣ ಉಳಿಸೀತು. ವಿಜಯಪುರದಿಂದ ಕಲಬುರಗಿಗೆ ಆಕಾಶಮಾರ್ಗದಲ್ಲಿ ಸುಮಾರು 140 ಕಿಲೋಮೀಟರು. ಸಣ್ಣ ವಿಮಾನಕ್ಕೆ ಮುಕ್ಕಾಲು ಗಂಟೆಯ ಹಾದಿ. ಆ ಮುಕ್ಕಾಲು ಗಂಟೆಯಲ್ಲಿ ಹವೆ ಕೆಟ್ಟರೆ ಹತ್ತಿರದ ನಿಲ್ದಾಣ ಯಾವುದು, ಅದರ ರನ್‌ವೇ ಎಷ್ಟು ಉದ್ದ, ಯಾವ ಕಡೆಯಿಂದ ಇಳಿಯಬೇಕು ಎಂಬುದನ್ನು ಎರಡು ಗುಂಡಿ ಒತ್ತುವುದರಲ್ಲಿ ಹೇಳುವ ಯಂತ್ರವನ್ನು ಬೇಡವೆನ್ನುವುದು ಅವಿವೇಕ. ಯಂತ್ರವು ತಾನು ಎಲ್ಲಿದ್ದೇನೆಂಬುದನ್ನು ಹೇಳಲಿ. ನಕ್ಷೆಯು ಎಲ್ಲಿಗಿಂತ ಕೆಳಗಿಳಿಯಬಾರದೆಂಬುದನ್ನು ಹೇಳಲಿ. ಇಳಿಯಬೇಕೇ ಬೇಡವೇ ಎಂಬುದನ್ನು ಮಾತ್ರ ಮನುಷ್ಯನೇ ಹೇಳಬೇಕು.

ಪ್ರಯಾಣಿಕರಾದ ನಮ್ಮ ಕರ್ತವ್ಯ

ನಮ್ಮಲ್ಲಿ ಚಾಲಕರಾಗುವವರು ಕೆಲವರೇ, ಪ್ರಯಾಣಿಕರಾಗುವವರು ಬಹಳ. ಒಂದಲ್ಲ ಒಂದು ದಿನ ನಾವು ಕುಳಿತ ವಿಮಾನವು ಇನ್ನೇನು ನೆಲ ಮುಟ್ಟಿತು ಎನ್ನುವಷ್ಟರಲ್ಲಿ ಗುಡುಗಿ ಮತ್ತೆ ಮೇಲಕ್ಕೇರಬಹುದು. ಪಕ್ಕದವರು ಹೆದರುವರು, ಕೆಲವರು ಚಾಲಕನಿಗೆ ಕೆಲಸ ಬಾರದೆಂದು ಗೊಣಗುವರು, ಬಸ್ಸು ತಪ್ಪಿತೆಂದು ಮತ್ತೊಬ್ಬರು ಸಿಡುಕುವರು. ಆಗ ಈ ಪಾಠವನ್ನು ಕಲಿತವರು ಅವರಿಗೆ ಸಮಾಧಾನ ಹೇಳಬೇಕು. ಆ ಚಾಲಕನು ನಕ್ಷೆಯ ಐದು ಭಾಗಗಳನ್ನೂ ಓದಿದವನು. ಇರಬೇಕಾದ ಎತ್ತರಕ್ಕೂ ಇರುವ ಎತ್ತರಕ್ಕೂ ಹೊಂದಲಿಲ್ಲವೆಂದು ಕಂಡವನು; ಇಲ್ಲವೇ ಕನಿಷ್ಠ ಎತ್ತರದಲ್ಲಿ ಕಣ್ಣಿಟ್ಟು ನೋಡಿ, ರನ್‌ವೇ ಕಾಣದೆ, ಹಾಳೆಯು ಹೇಳಿದಂತೆಯೇ ನಡೆದವನು. ಅವನು ಸೋತು ಮರಳಿದುದಲ್ಲ. ಹದಿನೈದು ನಿಮಿಷದ ತಡವನ್ನು ಕೊಟ್ಟು ನೂರಾರು ಜನರ ಮನೆಯ ದೀಪವನ್ನು ಉಳಿಸಿದುದು.

ತಡವಾಗಿ ಊರು ಸೇರಿದವನನ್ನು ಮನೆಯವರು ಬೈದು ಊಟಕ್ಕಿಡುವರು. ಅಷ್ಟು ಬೈಗುಳವನ್ನು ತಿನ್ನಲು ಸಿದ್ಧನಾದ ಚಾಲಕನನ್ನೂ, ಅವನ ಕೈಗೆ ಸರಿಯಾದ ನಕ್ಷೆಯನ್ನು ಸರಿಯಾದ ತಾರೀಖಿನೊಡನೆ ಒದಗಿಸುವ ಸಿಬ್ಬಂದಿಯನ್ನೂ ವಿಜಯಪುರದ ಆಕಾಶವು ಸದಾ ಕಾಣುತ್ತಿರಲಿ.